ಏಳುವ ಕಂಬ ಕೂರಿಸುತ್ತೀರಾ? ಮೊದಲು ಇದನ್ನು ಓದಿ

ಹೋದ ವರ್ಷ ಬಳ್ಳಾರಿಯ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕ್ಯಾಮೆರಾ ಕೆಲಸಕ್ಕೆ ಅಂತ ನಿಂತಿದ್ದೆ. ಒಂದು ಕಾರು ಒಳಗೆ ಹೋಯಿತು. ಅದರ ಬೆನ್ನಿಗೇ ಸ್ಕೂಟರಿನಲ್ಲಿ ಒಬ್ಬ ತಾಯಿ, ಮುಂದೆ ನಿಂತ ಹುಡುಗಿ, ಕಾಲ ಹತ್ತಿರ ತರಕಾರಿ ಚೀಲ. ಕಾರು ದಾಟಿ ಸ್ವಲ್ಪ ಹೊತ್ತೂ ಆಗಿರಲಿಲ್ಲ, ನೆಲದೊಳಗಿದ್ದ ಕಂಬ ಏಳತೊಡಗಿತು. ಫುಟ್‌ಬೋರ್ಡಿನ ಕೆಳಗೆ ಸರಿಯಾಗಿ ಸಿಕ್ಕಿ, ಗಾಡಿಯನ್ನು ಒಂದು ಗೇಣು ಎತ್ತಿ ಪಕ್ಕಕ್ಕೆ ಕೆಡವಿತು. ಟೊಮೆಟೊ ರಸ್ತೆ ತುಂಬ ಉರುಳಿದವು. ಹುಡುಗಿಯ ಮೊಣಕಾಲು ತರಚಿತ್ತು, ತಾಯಿಯ ಮುಂಗೈ ಸಂಜೆಗೆ ಊದಿಕೊಂಡಿತ್ತು. ದೇವರ ದಯೆ, ಅಷ್ಟಕ್ಕೇ ಮುಗಿಯಿತು. ಎಲ್ಲರೂ ವಾಚ್‌ಮನ್‌ನನ್ನೇ ಬೈದರು. ನಾನು ಕಂಟ್ರೋಲ್ ಪೆಟ್ಟಿಗೆ ತೆಗೆದು ನೋಡಿದೆ. ಅವನದೇನೂ ತಪ್ಪಿರಲಿಲ್ಲ. ಕೂರಿಸಿದವರು ಒಂದೇ ಒಂದು ಲೂಪ್ (ಗಾಡಿ ಬಂದದ್ದನ್ನು ಹಿಡಿಯುವ, ರಸ್ತೆಯೊಳಗಿನ ವೈರ್ ಸುತ್ತು) ಹಾಕಿ, ಗಾಡಿ ಅದನ್ನು ದಾಟಿದ ನಾಲ್ಕು ಸೆಕೆಂಡಿಗೆ ಕಂಬ ಏಳಲಿ ಅಂತ ಟೈಮರ್ ಇಟ್ಟು ಹೋಗಿದ್ದರು.

ಗೇಟ್ ಮೋಟರ್, ಬೂಮ್ ಬ್ಯಾರಿಯರ್, ಏಳುವ ಬೊಲ್ಲಾರ್ಡ್ ಅಂದರೆ ಇದೇ ಏಳುವ ಕಂಬ, ಇವುಗಳ ಕೆಲಸವನ್ನು ಬಳ್ಳಾರಿ, ಕೊಪ್ಪಳ, ರಾಯಚೂರು ಸುತ್ತ ಮಾಡುತ್ತ ಬಂದವನು ನಾನು. ಈಗ ಲೇಔಟ್‌ಗಳು, ಆಸ್ಪತ್ರೆಗಳು, ಕಲ್ಯಾಣ ಮಂಟಪಗಳು ಎಲ್ಲ ಕಡೆ ಈ ಕಂಬಗಳ ಬಗ್ಗೆ ಕೇಳುತ್ತಿದ್ದಾರೆ. ನೋಡೋಕೆ ಚೆನ್ನಾಗಿರುತ್ತದೆ, ಅದು ನಿಜ. ಆದರೆ ನೆಲದಿಂದ ಕಬ್ಬಿಣದ ಕಂಬ ಒತ್ತಿಕೊಂಡು ಮೇಲೆ ಬರುವ ಯಂತ್ರ ಇದು. ಮೇಲೆ ಯಾರಿದ್ದಾರೆ ಅಂತ ತಾನಾಗಿ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಹೇಳಿಕೊಟ್ಟಷ್ಟೇ ಗೊತ್ತು. ಅದಕ್ಕೇ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಕಂಬ ಇಳಿಯುವುದಕ್ಕೆ ಹತ್ತು ದಾರಿ ಇರಲಿ, ಏಳುವುದಕ್ಕೆ ಒಂದೇ ದಾರಿ ಇರಲಿ. ಕೆಳಗೆ ಬರೆದಿರುವುದೆಲ್ಲ ಇದನ್ನು ಹೇಗೆ ಮಾಡುವುದು ಅಂತ.

ಮೊದಲು ಬೇಕಾ ಬೇಡವಾ ನೋಡಿ

ಹೆಚ್ಚಿನ ಅಪಾರ್ಟ್‌ಮೆಂಟ್‌ಗಳಿಗೆ ಏಳುವ ಕಂಬ ಬೇಕಾಗಿಲ್ಲ. ಬೂಮ್ ಬ್ಯಾರಿಯರ್ ಸಾಕು. ಅದರ ಕೋಲು ಎಲ್ಲರ ಕಣ್ಣೆದುರೇ ಇರುತ್ತದೆ, ಹಗುರವಾಗಿರುತ್ತದೆ, ಯಾರಿಗಾದರೂ ತಗುಲಿದರೂ ಕಂಬದಷ್ಟು ಪೆಟ್ಟಾಗುವುದಿಲ್ಲ. ಕಂಬ ಹಾಗಲ್ಲ. ಇಳಿದಾಗ ನೆಲಕ್ಕೆ ಸಮ, ಹೊಸಬರಿಗೆ ಅಲ್ಲೊಂದು ಕಂಬ ಇದೆ ಅಂತಲೇ ಗೊತ್ತಿರುವುದಿಲ್ಲ.

ಜಾತ್ರೆಯ ರಸ್ತೆ, ಗುಡಿಯ ಮುಂದಿನ ಬಯಲು, ಸಂತೆ ಬೀದಿ, ಇಂಥ ಕಡೆ ಕೆಲವು ಹೊತ್ತು ಗಾಡಿ ಬಿಡಬೇಕು, ಕೆಲವು ಹೊತ್ತು ಬಿಡಬಾರದು ಅನ್ನುವುದಿದ್ದರೆ ಕಂಬಕ್ಕೆ ಅರ್ಥ ಇದೆ. ಅಲ್ಲೂ ಒಮ್ಮೆ ಯೋಚನೆ ಮಾಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ, ಅಂಥ ಜನಸಾಗರದ ರಸ್ತೆಗೆ ವರ್ಷದಲ್ಲಿ ಕೆಲವೇ ದಿನ ಗಾಡಿ ತಡೆಯಬೇಕಾದರೆ ಬೀಗ ಹಾಕಿ ನಿಲ್ಲಿಸುವ, ಬೇಡವಾದಾಗ ಕಿತ್ತು ತೆಗೆದಿಡುವ ಕಂಬವೇ ಸಾಕಲ್ವಾ? ಮೋಟರಿಲ್ಲ, ಕರೆಂಟಿಲ್ಲ, ತಾನಾಗಿ ಏಳುವ ಭಯವೂ ಇಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದಲ್ಲಿ ವರ್ಷಗಟ್ಟಲೆ ಏಳುವ ಕಂಬಗಳನ್ನು ಇಟ್ಟು ನೋಡಿ, ಕೊನೆಗೆ ಅವನ್ನು ತೆಗೆದು ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿದರು.

ಇನ್ನು ಲಾರಿಯನ್ನೇ ತಡೆದು ನಿಲ್ಲಿಸುವ ಕಂಬ ಬೇರೆ ಜಾತಿ. ಅದಕ್ಕೆ ಎಂ-30, ಎಂ-40, ಎಂ-50 ಅಂತ ಅಮೆರಿಕದ ದರ್ಜೆಗಳಿವೆ. ಎಂ-30 ಅಂದರೆ ಸುಮಾರು 6,800 ಕೆಜಿ ತೂಕದ ಟ್ರಕ್ ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದರೂ ತಡೆಯುತ್ತದೆ ಅಂತ ಪರೀಕ್ಷೆ ಮಾಡಿರುತ್ತಾರೆ. ನಿಮ್ಮ ಲೇಔಟಿಗೆ ಅದು ಯಾಕೆ ಬೇಕು? ಅಷ್ಟು ಗಟ್ಟಿ ಕಂಬಕ್ಕೆ ತಪ್ಪಿ ಗುದ್ದುವ ಬೈಕ್ ಸವಾರನ ಗತಿ ನೆನೆಸಿಕೊಳ್ಳಿ. ಬರೀ ಪಾರ್ಕಿಂಗ್ ನಿಯಂತ್ರಣಕ್ಕೆ ಹಗುರವಾದ್ದೇ ಸಾಕು.

ಎಷ್ಟು ಕಂಬ ಅನ್ನುವುದಕ್ಕೂ ಲೆಕ್ಕ ಇದೆ. ಎರಡು ಕಂಬಗಳ ನಡುವೆ ಬಿಡುವ ಜಾಗ 1.2 ಮೀಟರ್ ದಾಟಿದರೆ ಸಣ್ಣ ಗಾಡಿ ನುಗ್ಗಬಹುದು. 90 ಸೆಂಟಿಮೀಟರಿಗಿಂತ ಕಡಿಮೆಯಾದರೆ ಗಾಲಿ ಕುರ್ಚಿ ಹಿಡಿಸುವುದಿಲ್ಲ. ಇವೆರಡರ ನಡುವೆ ಇಟ್ಟುಕೊಳ್ಳಿ.

ಲೂಪ್ ವಿಷಯದಲ್ಲಿ ಜಿಪುಣತನ ಬೇಡ

ರಸ್ತೆಯಲ್ಲಿ ಕತ್ತರಿಸಿದ ಸೀಳಿನೊಳಗೆ ವೈರ್ ಸುತ್ತಿ ಮುಚ್ಚಿರುತ್ತಾರಲ್ಲ, ಅದೇ ಲೂಪ್. ಸಾಮಾನ್ಯವಾಗಿ ಮೂರ್ನಾಲ್ಕು ಸುತ್ತು ಇರುತ್ತದೆ. ಅದರ ಮೇಲೆ ಲೋಹ ಬಂದು ನಿಂತರೆ ವೈರಿನ ಇಂಡಕ್ಟೆನ್ಸ್ ಅನ್ನುವ ವಿದ್ಯುತ್ ಗುಣ ಕಡಿಮೆಯಾಗುತ್ತದೆ, ಡಿಟೆಕ್ಟರ್ ಅದನ್ನು ಹಿಡಿದು ಗಾಡಿ ಇದೆ ಅಂತ ಹೇಳುತ್ತದೆ. ಇಷ್ಟೇ ಅದರ ಕೆಲಸ. ತೂಕ ಗೊತ್ತಾಗುವುದಿಲ್ಲ, ಮನುಷ್ಯರು ಗೊತ್ತಾಗುವುದಿಲ್ಲ, ನಾಯಿ ಎಮ್ಮೆ ಗೊತ್ತಾಗುವುದಿಲ್ಲ. ಲೋಹ ಮಾತ್ರ. "ಸೆನ್ಸರ್ ಇದೆ ಬಿಡ್ರೀ, ಏನೂ ಆಗಂಗಿಲ್ಲ" ಅಂತ ಯಾರಾದರೂ ಅಂದರೆ, ಯಾವ ಸೆನ್ಸರ್, ಯಾವುದನ್ನು ನೋಡುತ್ತದೆ ಅಂತ ತಿರುಗಿ ಕೇಳಿ.

ಕಡಿಮೆ ಅಂದರೂ ಎರಡು ಲೂಪ್ ಬೇಕು, ಕಂಬದ ಈ ಬದಿಗೊಂದು ಆ ಬದಿಗೊಂದು. ಎರಡರಲ್ಲಿ ಯಾವುದರ ಮೇಲೆ ಗಾಡಿ ಇದ್ದರೂ ಕಂಬ ಏಳಬಾರದು. ಏಳುತ್ತಿದ್ದರೆ ನಿಂತು ಹಿಂದಕ್ಕೆ ಇಳಿಯಬೇಕು. ಮೇಲೆ ಹೇಳಿದ ಅಪಾರ್ಟ್‌ಮೆಂಟಿನಲ್ಲಿ ಕಂಬದ ಮುಂದೆ ಒಂದೇ ಲೂಪ್ ಇತ್ತು, ಅದೂ ಇಳಿಸುವುದಕ್ಕೆ ಮಾತ್ರ ಜೋಡಿಸಿದ್ದರು, ಏಳುವುದನ್ನು ತಡೆಯುವ ವೈರೇ ಇರಲಿಲ್ಲ. ಕಾರಿನ ಹಿಂದೆ ಸ್ಕೂಟರ್ ಬಂದು ಲೂಪಿನ ಮೇಲಿದ್ದರೂ ಟೈಮರ್ ತನ್ನ ಪಾಡಿಗೆ ತಾನು ಓಡಿತು. ಒಂದು ಗಾಡಿಯ ಬಾಲ ಹಿಡಿದು ಇನ್ನೊಂದು ನುಗ್ಗುವುದು ನಮ್ಮ ರಸ್ತೆಗಳಲ್ಲಿ ದಿನಾ ನಡೆಯುವ ವಿಷಯ. ಅದು ನಡೆದೇ ನಡೆಯುತ್ತದೆ ಅಂತ ಇಟ್ಟುಕೊಂಡೇ ವೈರಿಂಗ್ ಮಾಡಬೇಕು.

ಎರಡು ಲೂಪ್‌ಗಳ ನಡುವೆ ಎಷ್ಟು ಜಾಗ? ಕಂಬವೂ ಲೋಹವೇ. ತೀರಾ ಹತ್ತಿರ ಹಾಕಿದರೆ ಕಂಬ ಎದ್ದಾಗ ಅದನ್ನೇ ಗಾಡಿ ಅಂತ ತಿಳಿದು ಡಿಟೆಕ್ಟರ್ ಗೊಂದಲ ಮಾಡಿಕೊಳ್ಳುತ್ತದೆ. ತೀರಾ ದೂರ ಹಾಕಿದರೆ ಬೈಕ್ ಒಂದು ಎರಡೂ ಲೂಪಿನ ನಡುವೆ, ಸರಿಯಾಗಿ ಕಂಬದ ಮೇಲೆ, ಯಾರಿಗೂ ಕಾಣದ ಹಾಗೆ ನಿಂತಿರಬಹುದು. ಬೈಕಿನ ಉದ್ದ ಸುಮಾರು ಎರಡು ಮೀಟರ್. ಅದಕ್ಕಿಂತ ಅಂತರ ಕಡಿಮೆ ಇರಬೇಕು. ಇದನ್ನು ಕಾಗದದಲ್ಲಿ ನಂಬಬೇಡಿ, ಬೈಕ್ ತಂದು ನಿಲ್ಲಿಸಿ ನೋಡಿ. ಯಾವ ಬೈಕ್ ಅಂದರೆ ನಿಮ್ಮಲ್ಲಿ ಇರುವುದರಲ್ಲೇ ಸಣ್ಣದು, ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಅದನ್ನೂ ತನ್ನಿ.

ನಮ್ಮ ಭಾಗದಲ್ಲಿ ಇನ್ನೊಂದು ದೊಡ್ಡ ತೊಂದರೆ ಎತ್ತರದ ಗಾಡಿಗಳದ್ದು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಟಿಪ್ಪರ್, ಗಂಗಾವತಿಯಲ್ಲಿ ಭತ್ತದ ಲಾರಿ, ರಾಯಚೂರಿನಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರ್. ಇವುಗಳ ಹೊಟ್ಟೆ ನೆಲದಿಂದ ಎತ್ತರದಲ್ಲಿರುತ್ತದೆ. ಲೂಪ್ ಎಷ್ಟು ಎತ್ತರದವರೆಗೆ ಲೋಹ ಹಿಡಿಯುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ, ಲೂಪಿನ ಕಿರಿಯ ಬದಿಯ ಮೂರರಲ್ಲಿ ಎರಡು ಪಾಲು. ಒಂದು ಮೀಟರ್ ಅಗಲದ ಲೂಪ್ ಆದರೆ ಹೆಚ್ಚೆಂದರೆ 65 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಲಾರಿಯ ಮುಂದಿನ ಗಾಲಿ ದಾಟಿತು, ಹಿಂದಿನ ಗಾಲಿ ಇನ್ನೂ ಬಂದಿಲ್ಲ, ನಡುವೆ ಬರೀ ಚಾಸಿ. ಲೂಪಿಗೆ ಏನೂ ಕಾಣುವುದಿಲ್ಲ, ಗಾಡಿ ಹೋಯಿತು ಅಂದುಕೊಳ್ಳುತ್ತದೆ. ಕಂಬ ಎದ್ದು ಲಾರಿಯ ಹೊಟ್ಟೆಗೆ, ಕೆಲವೊಮ್ಮೆ ಡೀಸೆಲ್ ಟ್ಯಾಂಕಿಗೆ. ಟ್ರ್ಯಾಕ್ಟರ್ ಮತ್ತು ಟ್ರಾಲಿ ನಡುವಿನ ಕೊಂಡಿಯ ಹತ್ತಿರವೂ ಇದೇ ಕಥೆ.

ಇದಕ್ಕೆ ಏನು ಮಾಡಬೇಕು ಅಂದರೆ, ದೊಡ್ಡ ಗಾಡಿ ಬರುವ ಗೇಟಿಗೆ ಲೂಪಿನ ಕಿರಿಯ ಬದಿಯನ್ನು ದೊಡ್ಡದು ಮಾಡಿ. ಡಿಟೆಕ್ಟರಿನಲ್ಲಿ ಬೂಸ್ಟ್ ಅನ್ನುವ ಸಣ್ಣ ಸ್ವಿಚ್ ಇರುತ್ತದೆ, ಗಾಡಿ ಒಮ್ಮೆ ಸಿಕ್ಕ ಮೇಲೆ ಅದು ಹೋಗುವ ತನಕ ಸೂಕ್ಷ್ಮತೆ ಹೆಚ್ಚಿಸಿ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಆನ್ ಮಾಡಿಸಿ. ಜೊತೆಗೆ ಫೋಟೋಸೆಲ್, ಅಂದರೆ ಬೆಳಕಿಗೆ ಏನಾದರೂ ಅಡ್ಡ ಬಂದರೆ ಹಿಡಿಯುವ ಸೆನ್ಸರ್, ಬೇಕೇ ಬೇಕು. ಲೂಪ್ ಕೆಳಗೆ ಕಾಂಕ್ರೀಟಿನ ಕಬ್ಬಿಣ ಹತ್ತಿರ ಇದ್ದರೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ಅದನ್ನೂ ಮೊದಲೇ ಹೇಳಿಡಿ.

ಡಿಟೆಕ್ಟರಿನಲ್ಲಿ ಇನ್ನೆರಡು ವಿಷಯ ಕೇಳಿ ಖಚಿತ ಮಾಡಿಕೊಳ್ಳಿ. ಒಂದು, ಗಾಡಿ ಎಷ್ಟು ಹೊತ್ತು ನಿಂತರೂ ಇದೆ ಅಂತಲೇ ಹೇಳಬೇಕು, ಕೆಲವು ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತಾದ ಮೇಲೆ ಮರೆತುಬಿಡುತ್ತದೆ. ಕೆಟ್ಟು ನಿಂತ ಲಾರಿಯ ಕೆಳಗೆ ಕಂಬ ಏಳುವುದು ಹೀಗೇ. ಎರಡು, ಲೂಪ್ ವೈರ್ ಕಡಿದರೆ ಡಿಟೆಕ್ಟರ್ ಗಾಡಿ ಇದೆ ಅಂತ ಹೇಳಬೇಕು, ಇಲ್ಲ ಅಂತಲ್ಲ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಡಾಂಬರು ಮೆತ್ತಗಾಗಿ, ಲಾರಿ ಟೈರು ತಿರುಗಿದರೆ ವೈರ್ ಎಳೆದು ಹರಿಯುವುದು ಸಾಮಾನ್ಯ. ಹರಿದಾಗ ಕಂಬ ಏಳದೆ ಕೆಳಗೇ ಉಳಿದರೆ ಯಾರಿಗೂ ಪೆಟ್ಟಿಲ್ಲ, ರಿಪೇರಿ ಮಾಡಿಕೊಳ್ಳಬಹುದು. ಲೂಪಿನಿಂದ ಪೆಟ್ಟಿಗೆವರೆಗೆ ಬರುವ ಎರಡು ಎಳೆಯನ್ನು ಮೀಟರಿಗೆ 20 ಸುತ್ತಿನಷ್ಟು ಹೆಣೆದಿರಬೇಕು. ಸುಮ್ನೆ ಅಕ್ಕಪಕ್ಕ ಎಳೆದರೆ ಪಕ್ಕದ ಮೋಟರಿನ ಕೇಬಲ್ಲಿಗೂ ಅದು ಗಾಬರಿಯಾಗುತ್ತದೆ.

ನಡೆಯುವವರನ್ನು ಕಾಯುವುದು ಯಾವುದು?

ಲೂಪ್ ಕಾಯುವುದಿಲ್ಲ ಅಂತ ಆಗಲೇ ಹೇಳಿದೆ. ನಡೆಯುವವರಿಗೆ, ಸೈಕಲ್ಲಿಗೆ, ತಳ್ಳುಗಾಡಿಗೆ ಇರುವುದು ಫೋಟೋಸೆಲ್. ಈ ಬದಿಯಿಂದ ಆ ಬದಿಗೆ ಕಣ್ಣಿಗೆ ಕಾಣದ ಬೆಳಕು ಹೋಗುತ್ತಿರುತ್ತದೆ, ಯಾರಾದರೂ ಅಡ್ಡ ಬಂದರೆ ಕಂಬ ಏಳುವುದಿಲ್ಲ. ಕಂಬದ ಸಾಲಿನ ಮೇಲೇ ಹಾದುಹೋಗುವ ಹಾಗೆ ಎರಡು ಎತ್ತರದಲ್ಲಿ ಹಾಕಿಸಿ. ಒಂದು ಮೊಣಕಾಲಿಗಿಂತ ಕೆಳಗೆ, ಚಿಕ್ಕ ಮಕ್ಕಳು ಸಿಗುವ ಹಾಗೆ. ಇನ್ನೊಂದು ಲಾರಿಯ ಚಾಸಿ ಸಿಗುವಷ್ಟು ಮೇಲೆ. ಬೆಳಕು ಹಿಡಿಯುವ ಭಾಗವನ್ನು ಬೆಳಗಿನ ಅಥವಾ ಸಂಜೆಯ ಸೂರ್ಯನಿಗೆ ಎದುರಾಗಿ ಕೂರಿಸಬೇಡಿ, ನೇರ ಬಿಸಿಲು ಬಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಈಗ ಫೋಟೋಸೆಲ್ಲಿನ ನಿಜವಾದ ಶತ್ರುವಿನ ಬಗ್ಗೆ. ಧೂಳು. ಬಳ್ಳಾರಿಯ ಕೆಂಪು ಧೂಳು ಗೊತ್ತಲ್ಲ, ಅದಿರು ಲಾರಿ ಓಡುವ ರಸ್ತೆಯಲ್ಲಿ ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಇಟ್ಟಿಗೆ ಬಣ್ಣ. ಗಾಜಿನ ಮೇಲೆ ಧೂಳು ಕೂತರೆ ಫೋಟೋಸೆಲ್ ಯಾರೋ ಅಡ್ಡ ನಿಂತಿದ್ದಾರೆ ಅಂತ ತಿಳಿದು ಕಂಬ ಏಳಗೊಡುವುದಿಲ್ಲ. ಅದು ಸರಿಯಾದ ನಡವಳಿಕೆಯೇ. ಆದರೆ ಮುಂದೇನಾಗುತ್ತದೆ ಕೇಳಿ. ಕಂಬ ಏಳುತ್ತಿಲ್ಲ ಅಂತ ಕಮಿಟಿಯವರು ವಾಚ್‌ಮನ್‌ಗೆ ಬೈಯುತ್ತಾರೆ, ವಾಚ್‌ಮನ್ ಯಾರೋ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾನೆ, ಅವನು ಬಂದು, ದಾರಿ ಯಾವಾಗಲೂ ಖಾಲಿ ಅಂತ ಪೆಟ್ಟಿಗೆ ತಿಳಿಯುವ ಹಾಗೆ, ಫೋಟೋಸೆಲ್ಲಿನ ಎರಡು ಟರ್ಮಿನಲ್ ನಡುವೆ ಒಂದು ಚೋಟುದ್ದದ ವೈರ್ ಸಿಕ್ಕಿಸಿ ಹೋಗುತ್ತಾನೆ. ಕಂಬ ಏಳುತ್ತದೆ. ಎಲ್ಲರಿಗೂ ಖುಷಿ. ಅವತ್ತಿನಿಂದ ಆ ಗೇಟಿನಲ್ಲಿ ಮನುಷ್ಯರನ್ನು ಕಾಯುವುದಕ್ಕೆ ಏನೂ ಇಲ್ಲ.

ತೋರಣಗಲ್ಲು ರಸ್ತೆಯ ಒಂದು ಗೋದಾಮಿನಲ್ಲಿ ನಾನು ಪೆಟ್ಟಿಗೆ ತೆಗೆದಾಗ ಇದನ್ನೇ ಕಂಡೆ. ಕೆಂಪು ವೈರಿನ ತುಂಡು, ಎರಡೂ ತುದಿ ಸುಲಿದದ್ದು, ಫೋಟೋಸೆಲ್ಲಿನ ಎರಡು ಟರ್ಮಿನಲ್ಲಿಗೆ ಬಿಗಿಯಾಗಿ ಕೂತಿತ್ತು, ಅದರ ಮೇಲೂ ಧೂಳು ಕಟ್ಟಿತ್ತು, ಅಂದರೆ ತಿಂಗಳುಗಳಿಂದ ಹಾಗೇ ಇತ್ತು. ಅಲ್ಲಿನ ವಾಚ್‌ಮನ್ ಹೇಳಿದ್ದು ಈಗಲೂ ನೆನಪಿದೆ, "ನಾ ಏನ್ ಮಾಡ್ಲಿ ಸರ, ಕಂಬ ಏಳಲಿಲ್ಲಂದ್ರ ನನ್ ಪಗಾರ ಹಿಡೀತಾರ." ಆ ವೈರ್ ಕಿತ್ತು, ಗಾಜು ಒರೆಸಿದೆ. ತಕ್ಷಣ ಎಲ್ಲ ಸರಿಯಾಯಿತು. ಹಳೆ ಬನಿಯನ್ ಬಟ್ಟೆಯ ಒಂದು ಚೂರು ಸಾಕಿತ್ತು.

ಹಾಗಾಗಿ ನಿಮ್ಮ ಕಮಿಟಿಯಲ್ಲಿ ಇಷ್ಟು ಮಾಡಿ. ದಿನಾ ಬೆಳಿಗ್ಗೆ ಪಾಳಿ ಬದಲಾಗುವಾಗ ಗಾಜು ಒರೆಸುವುದು ವಾಚ್‌ಮನ್ ಕೆಲಸದಲ್ಲಿ ಸೇರಲಿ. ಕಂಟ್ರೋಲ್ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಕಾರ್ಯದರ್ಶಿಯ ಹತ್ತಿರ ಇರಲಿ. ಸೆನ್ಸರ್ ಕೆಟ್ಟಿದ್ದರೆ ಕಂಬ ಕೆಳಗೇ ಇರುತ್ತದೆ, ರಿಪೇರಿ ಆಗುವ ತನಕ ಹಗ್ಗ ಕಟ್ಟಿ ಕಾಯುತ್ತೇವೆ ಅಂತ ಬರೆದು ಎಲ್ಲರಿಗೂ ತಿಳಿಸಿ. ಕಂಬ ಏಳದಿದ್ದಕ್ಕೆ ವಾಚ್‌ಮನ್‌ಗೆ ಯಾರೂ ಬೈಯಬಾರದು. ಇದು ತುಂಬ ಮುಖ್ಯ, ಯಾಕೆಂದರೆ ಬೈಗುಳದ ಭಯದಿಂದಲೇ ಈ ವೈರ್ ತುಂಡುಗಳು ಹುಟ್ಟುತ್ತವೆ.

ಫೋಟೋಸೆಲ್ ಜೊತೆಗೆ ಕಂಬದ ತಲೆಗೆ ಏನಾದರೂ ತಗುಲಿದರೆ ಹಿಂದಕ್ಕೆ ಇಳಿಯುವ ವ್ಯವಸ್ಥೆಯೂ ಬೇಕು. ಹೈಡ್ರಾಲಿಕ್ ಕಂಬದಲ್ಲಿ ಎಣ್ಣೆಯ ಒತ್ತಡ ಏರಿದರೆ, ಮೋಟರ್ ಕಂಬದಲ್ಲಿ ಕರೆಂಟ್ ಎಳೆತ ಏರಿದರೆ ಗೊತ್ತಾಗುವ ಹಾಗೆ ಇಟ್ಟಿರುತ್ತಾರೆ. ಇದೊಂದನ್ನೇ ನಂಬಿ ಕೂರಬೇಡಿ. ಇದು ಕೆಲಸ ಮಾಡುವುದು ತಗುಲಿದ ಮೇಲೆ.

ಮಕ್ಕಳ ವಿಷಯ ಒಂದು ಮಾತು. ಇಳಿದ ಕಂಬದ ಮುಚ್ಚಳದ ಮೇಲೆ ನಿಂತು, ಅಣ್ಣ ಬಟನ್ ಒತ್ತು ಅಂತ ಮೇಲೆ ಏರುವ ಆಟ ಆಡುತ್ತಾರೆ. ಇಳಿಯುವಾಗ ಕಂಬಕ್ಕೂ ಸುತ್ತಲಿನ ಬಳೆಗೂ ನಡುವಿನ ಸಂದಿಯಲ್ಲಿ ಬೆರಳು ಸಿಕ್ಕಬಹುದು, ಸೀರೆಯ ಸೆರಗು, ದುಪಟ್ಟಾ ಸಿಕ್ಕಬಹುದು. ಆ ಸಂದಿ ಬೆರಳು ಹೋಗದಷ್ಟು ಸಣ್ಣದಾಗಿರಲಿ, ಮುಚ್ಚಳ ನುಣುಪು ಸ್ಟೀಲಿನ ಬದಲು ಗೀರು ಇರುವ ತಗಡಿನದ್ದಾಗಿರಲಿ, ಮಳೆಯಲ್ಲಿ ಬೈಕ್ ಜಾರುವುದು ತಪ್ಪುತ್ತದೆ. ನಡೆಯುವವರಿಗೆ ಪಕ್ಕದಲ್ಲೇ ಬೇರೆ ದಾರಿ ಕೊಡಿ. ಕಂಬದ ಮೇಲೆ ದಾಟುವ ಅಗತ್ಯವೇ ಇಲ್ಲದಿದ್ದರೆ ಅರ್ಧ ಅಪಾಯ ಅಲ್ಲೇ ಹೋಯಿತು.

ಕೆಂಪು, ಹಸಿರು, ಬಝರ್

ಚಾಲಕನ ಕಣ್ಣಿಗೆ ಬೀಳುವ ಎತ್ತರದಲ್ಲಿ ಕಂಬದ ಪಕ್ಕ ಸಿಗ್ನಲ್ ದೀಪ ಇರಬೇಕು. ಕಂಬ ಪೂರ್ತಿ ಕೆಳಗೆ ಹೋದ ಮೇಲೆ ಮಾತ್ರ ಹಸಿರು. ಅದು ಲಿಮಿಟ್ ಸ್ವಿಚ್ಚಿನಿಂದ, ಅಂದರೆ ಕಂಬ ಪೂರ್ತಿ ಇಳಿದಾಗ ತಾನೇ ಒತ್ತಿಕೊಳ್ಳುವ ಸ್ವಿಚ್ಚಿನಿಂದ ಬರಬೇಕು, ಟೈಮರಿನಿಂದಲ್ಲ. ಏಳುವ ಮೊದಲು ಕೆಂಪು ಬಂದು, ಬಝರ್ ಮೂರ್ನಾಲ್ಕು ಸೆಕೆಂಡ್ ಕೂಗಿ, ಆಮೇಲೆ ಏಳಬೇಕು. ಕಂಬದ ಸುತ್ತ ರಾತ್ರಿ ಹೊಳೆಯುವ ಪಟ್ಟಿ ಇರಲಿ, ಮೇಲೊಂದು ಬೀದಿದೀಪ ಇರಲಿ. ಸ್ವಲ್ಪ ಹಿಂದೆ ರಸ್ತೆ ಉಬ್ಬು ಹಾಕಿಸಿ, ಜೊತೆಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡು: ಒಂದು ಸಲಕ್ಕೆ ಒಂದೇ ಗಾಡಿ. ಹಿಂದೆ ಬರುವವರು ನಿಲ್ಲಬೇಕಾದ ಬಿಳಿ ಗೆರೆ ಎಳೆಸಿ, ಆ ಗೆರೆ ಲೂಪಿಗಿಂತ ಹಿಂದೆ ಇರಲಿ.

ಟೈಮರ್, ರಿಮೋಟ್, ಮೊಬೈಲ್

ಬರೀ ಟೈಮರ್ ಮೇಲೆ ಕಂಬ ಏಳಬಾರದು. ಟೈಮರ್ ಇದ್ದರೂ ಎರಡೂ ಲೂಪ್ ಖಾಲಿ, ಫೋಟೋಸೆಲ್ ಖಾಲಿ ಅಂತ ಖಚಿತವಾದ ಮೇಲೇ ಅದು ಎಣಿಸಲು ಶುರು ಮಾಡಬೇಕು. ನಡುವೆ ಯಾವುದಾದರೂ ಒಂದು ತುಂಬಿದರೆ ಎಣಿಕೆ ಮೊದಲಿನಿಂದ.

ಕೈಯಿಂದ ಏರಿಸುವುದಾದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಏಳಲಿ, ಬಿಟ್ಟರೆ ನಿಲ್ಲಲಿ. ಬಟನ್ ಇರುವ ಜಾಗದಿಂದ ಕಂಬ ನೇರ ಕಾಣಬೇಕು. ಕ್ಯಾಬಿನ್ನಿನ ಒಳಗೆ ಗೋಡೆಯ ಹಿಂದೆ ಕೂತು ಒತ್ತುವ ಹಾಗಿರಬಾರದು. ರಿಮೋಟ್ ಮತ್ತು ಮೊಬೈಲ್ ಆ್ಯಪ್ ಇಳಿಸುವುದಕ್ಕೆ ಮಾತ್ರ ಕೊಡಿ. ಏರಿಸುವ ಬಟನ್ ಅದರಲ್ಲಿ ಇರಲೇಬಾರದು. ಮನೆ ಮಾಲೀಕರು ಮೂರನೇ ಮಹಡಿಯಿಂದ ಕಂಬ ಏರಿಸುವುದು ಯಾಕೆ ಬೇಕು? ಇದಕ್ಕೆ ಒಪ್ಪದ ಗ್ರಾಹಕರ ಕೆಲಸವನ್ನು ನಾನು ಬಿಟ್ಟಿದ್ದೇನೆ.

ಗುಂಡಿ ತೋಡುವಾಗ ನೆಲ ನೋಡಿ

ಕಂಬ ಎಷ್ಟು ಎತ್ತರ ಏಳುತ್ತದೋ ಅದಕ್ಕಿಂತ ಆಳದ ಗುಂಡಿ ಬೇಕು, ಮೀಟರಿಗಿಂತ ಜಾಸ್ತಿಯೇ ಆಗುತ್ತದೆ. ನಮ್ಮ ಮೂರು ಜಿಲ್ಲೆಯಲ್ಲಿ ನೆಲ ಒಂದೇ ಥರ ಇಲ್ಲ. ಬಳ್ಳಾರಿ ಊರೊಳಗೆ ಎರಡಡಿಗೇ ಬಂಡೆ ಸಿಗಬಹುದು, ಆಗ ನಡುವೆ ಮನಸ್ಸು ಬದಲಿಸಿ ಅರ್ಧ ಆಳಕ್ಕೆ ಕೂರಿಸಬೇಡಿ, ಮೊದಲೇ ಒಂದು ತೂತು ಕೊರೆದು ನೋಡಿ. ಮಸಾರಿ ನೆಲ ಒಳ್ಳೆಯದು. ಎರೆ ನೆಲ ಇದ್ದರೆ ಬಹಳ ಹುಷಾರಾಗಿರಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಂಬದ ಹೊರಗಿನ ಕೊಳವೆಯನ್ನು ಅದು ಒಂದು ಬದಿಗೆ ತಳ್ಳಿದರೆ ಕಂಬ ಉಜ್ಜುತ್ತ ಏಳುತ್ತದೆ, ಒಂದು ದಿನ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅರ್ಧ ಎದ್ದ ಕಂಬ ರಾತ್ರಿ ಹೊತ್ತು ಬೈಕಿನವರಿಗೆ ಯಮ. ಎರೆಮಣ್ಣನ್ನು ಸುತ್ತಲೂ ತೆಗೆದು, ಮೊರಂ ತುಂಬಿ ಪದರ ಪದರವಾಗಿ ದಮ್ಮಸ್ಸು ಮಾಡಿ, ಆಮೇಲೆ ಕಾಂಕ್ರೀಟ್ ಹಾಕಿ. ಕಾಂಕ್ರೀಟ್ ಬೀಳುವಾಗ ಗೌಂಡಿ ತೂಗುಗುಂಡು ಇಟ್ಟು ಕೊಳವೆ ನೆಟ್ಟಗಿದೆಯಾ ಅಂತ ನಾಲ್ಕೂ ಕಡೆಯಿಂದ ನೋಡಲಿ, ಹಾಕಿದ ಮೇಲೆ ಮತ್ತೊಮ್ಮೆ ನೋಡಲಿ.

ನೀರು ಹೋಗುವ ದಾರಿ ಇಲ್ಲದ ಗುಂಡಿ ಬಾವಿಯೇ. ಗುಂಡಿಯ ತಳಕ್ಕೆ ಜಲ್ಲಿ ಹಾಕಿದರೆ ನೀರು ಇಂಗುತ್ತದೆ ಅನ್ನುತ್ತಾರೆ, ಮಸಾರಿಯಲ್ಲಿ ಇಂಗಬಹುದು, ಎರೆಯಲ್ಲೂ ಬಂಡೆಯಲ್ಲೂ ಇಂಗುವುದಿಲ್ಲ. ಅಲ್ಲಿ ತಗ್ಗಿನ ಚರಂಡಿಗೆ ಪೈಪ್ ಬಿಡಿ, ಆಗದಿದ್ದರೆ ತಾನಾಗಿ ಶುರುವಾಗುವ ಸಣ್ಣ ಪಂಪ್ ಇಡಿ. ಗುಂಡಿಯೊಳಗಿನ ಮೋಟರು, ಸ್ವಿಚ್ಚು ಐಪಿ-67 ದರ್ಜೆಯದ್ದು ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಮಾತ್ರ. ಮಳೆಗಾಲ ಪೂರ್ತಿ ಅಲ್ಲ.

ನೀರಿನ ಜೊತೆ ಕರೆಂಟ್ ಇರುವುದರಿಂದ, ಗುಂಡಿಯೊಳಗೆ 24 ವೋಲ್ಟ್ ಮೋಟರ್ ಹಾಕಿಸಿ, ಇಲ್ಲವೇ ಹೈಡ್ರಾಲಿಕ್ ಆದರೆ ಪಂಪ್ ಮೋಟರನ್ನು ಹೊರಗೆ ಪೆಟ್ಟಿಗೆಯಲ್ಲಿಟ್ಟು ಎಣ್ಣೆಯ ಪೈಪ್ ಮಾತ್ರ ಒಳಗೆ ಬಿಡಿಸಿ. 230 ವೋಲ್ಟ್ ಒಳಗೆ ಹೋಗಲೇಬೇಕಾದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಕಡ್ಡಾಯ, ಕಂಬಕ್ಕೂ ಕೊಳವೆಗೂ ಅರ್ಥಿಂಗ್ ಕಡ್ಡಾಯ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟಕ್ ಅಂತ ಬೀಳಬೇಕು. ಮಳೆಯಲ್ಲಿ ಸ್ಟೀಲ್ ಕಂಬದ ಮೇಲೆ ಕೈಯಿಟ್ಟು ನಿಲ್ಲುವುದು ಮಕ್ಕಳೇ ಅಲ್ವಾ.

ಧೂಳು ಇಲ್ಲೂ ಬಿಡುವುದಿಲ್ಲ. ಕೆಂಪು ಧೂಳು ಸಂದಿಯಲ್ಲಿ ಇಳಿದು, ಮಳೆ ನೀರು ಸೇರಿ, ತಳದಲ್ಲಿ ಕುಂಬಾರನ ಮಣ್ಣಿನ ಥರ ಕೂರುತ್ತದೆ. ಆಗ ಕಂಬ ಪೂರ್ತಿ ಇಳಿಯುವುದಿಲ್ಲ, ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ, ಸ್ಕೂಟರ್ ಎಡವುವುದಕ್ಕೆ ಅಷ್ಟು ಸಾಕು. ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಬೌರ್ಬನ್ ಬೀದಿಯಲ್ಲಿ ಹಳಿಯ ಮೇಲೆ ಸರಿಯುವ ಬೊಲ್ಲಾರ್ಡ್‌ಗಳಿದ್ದವು. ಅಲ್ಲಿನ ಮಾರ್ಡಿ ಗ್ರಾ ಹಬ್ಬದಲ್ಲಿ ಜನ ಎಸೆಯುವ ಮಣಿಸರಗಳು ಹಳಿಯೊಳಗೆ ಸೇರಿ ಅವು ಕೆಲಸ ಮಾಡದಂತಾಗಿದ್ದವು. ಅವನ್ನು ಬದಲಿಸುವ ಕೆಲಸ ಇನ್ನೂ ಮುಗಿಯದೆ ಇದ್ದಾಗಲೇ, 2025ರ ಜನವರಿ 1ರ ನಸುಕಿನಲ್ಲಿ ಒಬ್ಬ ಟ್ರಕ್ ನುಗ್ಗಿಸಿ 14 ಜನರನ್ನು ಕೊಂದ. ಯಂತ್ರ ಎಷ್ಟೇ ಗಟ್ಟಿಯಿದ್ದರೂ ಅದರ ಸಂದಿಯಲ್ಲಿ ಏನು ಸೇರುತ್ತಿದೆ ಅಂತ ನೋಡುವವರು ಇರಬೇಕು. ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಕೆಸರು ಎತ್ತಿಸಿ, ಮಳೆಗಾಲ ಮುಗಿದ ಮೇಲೆ ತಪ್ಪದೆ ಇನ್ನೊಂದು ಸಲ.

ಕರೆಂಟ್ ಹೋದಾಗ, ಬೆಂಕಿ ಬಿದ್ದಾಗ

ಕರೆಂಟ್ ಹೋದರೆ ಕಂಬ ಇಳಿಯಬೇಕಾ, ಎದ್ದೇ ಇರಬೇಕಾ? ಎರಡೂ ಥರದವು ಸಿಗುತ್ತವೆ. ಮನೆ, ಆಸ್ಪತ್ರೆ, ಮಂಟಪ, ಗುಡಿ, ಇಲ್ಲೆಲ್ಲ ಇಳಿಯುವುದನ್ನೇ ತೆಗೆದುಕೊಳ್ಳಿ. ಏರುತ್ತಿರುವಾಗ ಅರ್ಧಕ್ಕೆ ಕರೆಂಟ್ ಹೋಗಿ ಮತ್ತೆ ಬಂದರೆ ಕಂಬ ತಾನಾಗಿ ಮುಂದುವರಿಯಬಾರದು, ಒಬ್ಬರು ಬಂದು ನೋಡಿ ರೀಸೆಟ್ ಮಾಡಬೇಕು. ಕೂರಿಸುವವರ ಹತ್ತಿರ ಇದನ್ನು ಬಾಯಲ್ಲಿ ಕೇಳಿ ಬಿಡಬೇಡಿ, ನಿಮ್ಮ ಕಣ್ಣೆದುರೇ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮುಖ್ಯ ದ್ವಾರಕ್ಕೆ ಅಗ್ನಿಶಾಮಕ ಗಾಡಿ ಸರಾಗವಾಗಿ ಒಳಗೆ ಬರುವಷ್ಟು ಅಗಲ ಇರಬೇಕು. ನಡುವೆ ಒಂದು ಕಂಬ ಇಳಿಯದೆ ನಿಂತರೆ ಆ ಅಗಲಕ್ಕೆ ಬೆಲೆಯಿಲ್ಲ. ಅದಕ್ಕೆ ಎಲ್ಲ ಕಂಬಗಳನ್ನೂ ಒಟ್ಟಿಗೆ ಇಳಿಸುವ ಒಂದು ತುರ್ತು ಬಟನ್ ಗಾಜಿನ ಪೆಟ್ಟಿಗೆಯಲ್ಲಿ, ಗೇಟಿನ ಹೊರಗಿನಿಂದಲೂ ಕೈಗೆ ಸಿಗುವ ಹಾಗೆ ಇರಲಿ. ಅದನ್ನು ಯಾರೋ ಸುಮ್ಮನೆ ಒತ್ತಿದರೆ? ಒತ್ತಲಿ. ಕಂಬ ಇಳಿಯುತ್ತದೆ, ಅಷ್ಟೇ.

ಕೈಯಿಂದ ಇಳಿಸುವ ಕೀಲಿಯ ಬಗ್ಗೆಯೂ ಹೇಳಬೇಕು. ಒಂದು ಕಡೆ ರಾತ್ರಿ ಕರೆಂಟ್ ಇಲ್ಲ, ಯುಪಿಎಸ್ ಬ್ಯಾಟರಿ ಸತ್ತಿತ್ತು, ಕಂಬ ಎದ್ದು ನಿಂತಿದೆ, ಹೊರಗೆ 108 ಆಂಬುಲೆನ್ಸ್. ಕೀಲಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಕ್ಯಾಬಿನ್ನಿನ ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಸಿಕ್ಕ ಮೇಲೂ ಮುಚ್ಚಳದ ಬೋಲ್ಟು ತುಕ್ಕು ಹಿಡಿದು ತಿರುಗಲಿಲ್ಲ. ರೋಗಿಯನ್ನು ಸ್ಟ್ರೆಚರ್ ಮೇಲೆ ಗೇಟಿನ ತನಕ ಹೊತ್ತು ತಂದರು. ಆಮೇಲಿಂದ ನಾನು ಕೆಲಸ ಮಾಡಿದ ಪ್ರತಿ ಗೇಟಿನಲ್ಲೂ ಎರಡು ಕೀಲಿ ಕೊಡುತ್ತೇನೆ, ಕೆಂಪು ಬಣ್ಣ ಬಳಿದು, ಒಂದು ಕ್ಯಾಬಿನ್ನಿನ ಬಾಗಿಲ ಪಕ್ಕ, ಒಂದು ಕಾರ್ಯದರ್ಶಿ ಮನೆಯಲ್ಲಿ. ಬೋಲ್ಟಿಗೆ ಗ್ರೀಸ್. ಮತ್ತೆ ತಿಂಗಳಿಗೊಮ್ಮೆ, ಮೇನ್ ಆಫ್ ಮಾಡಿ, ಆ ಪಾಳಿಯಲ್ಲಿರುವ ವಾಚ್‌ಮನ್ ಕೈಯಿಂದಲೇ ಕಂಬ ಇಳಿಸಿ ನೋಡಿ. ಎರಡು ನಿಮಿಷದೊಳಗೆ ಆಗಬೇಕು. ರಾತ್ರಿ ಪಾಳಿಯವರಿಗೂ ಮಾಡಿಸಿ, ಅವರನ್ನೇ ಎಲ್ಲರೂ ಮರೆಯುವುದು. ಕ್ಯಾಬಿನ್ ಗೋಡೆಯ ಮೇಲೆ 112, 101, 108 ದೊಡ್ಡದಾಗಿ ಬರೆಸಿ.

ದುಡ್ಡು ಕೊಡುವ ಮೊದಲು

ಕೂರಿಸಿದವರು ಒಂದು ಕಾರು ಓಡಿಸಿ ತೋರಿಸಿ, ಎಲ್ಲ ಸರಿಯಿದೆ, ಬ್ಯಾಲೆನ್ಸ್ ಕೊಡಿ ಅನ್ನುತ್ತಾರೆ. ಕೊಡಬೇಡಿ. ಕಾರಿನ ಹಿಂದೆ ಒಂದು ಮೊಳ ಬಿಟ್ಟು ಬೈಕ್ ಓಡಿಸಿ. ಬೈಕನ್ನು ಕಂಬದ ಮೇಲೇ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಸೈಕಲ್ ತಳ್ಳಿಕೊಂಡು ನಿಧಾನ ದಾಟಿ. ಟ್ರ್ಯಾಕ್ಟರ್ ಟ್ರಾಲಿ ಬರುವ ಗೇಟಾದರೆ ಒಂದನ್ನು ತರಿಸಿ, ಕೊಂಡಿ ಕಂಬದ ಮೇಲೆ ಬರುವ ಹಾಗೆ ನಿಲ್ಲಿಸಿ. ಮನುಷ್ಯರ ಬದಲು ರಟ್ಟಿನ ಡಬ್ಬಿಯೊಂದನ್ನು ಮುಚ್ಚಳದ ಮೇಲಿಟ್ಟು ಏರಿಸುವ ಬಟನ್ ಒತ್ತಿ, ಕಂಬ ಅಲ್ಲಾಡಬಾರದು. ಲೂಪಿನ ವೈರನ್ನು ಟರ್ಮಿನಲ್ಲಿನಿಂದ ಬಿಚ್ಚಿಸಿ, ಕಂಬ ಏಳಬಾರದು. ಇಷ್ಟರಲ್ಲಿ ಒಂದು ತಪ್ಪಿದರೂ ಸಹಿ ಹಾಕಬೇಡಿ. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಮುಂದೆ ಯಾರಾದರೂ ಸೆಟ್ಟಿಂಗ್ ಬದಲಿಸಿದರೆ ಹೋಲಿಸಿ ನೋಡುವುದಕ್ಕೆ.

ಸರ್ವಿಸ್ ಮಾಡುವ ಹುಡುಗರಿಗೆ ಬೇರೆಯಾಗಿ ಹೇಳುತ್ತೇನೆ, ತಮ್ಮಂದಿರೇ. ಗುಂಡಿಗೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿದರೆ ಸಾಲದು, ಐಸೊಲೇಟರಿಗೆ ಬೀಗ ಹಾಕಿ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಯುಪಿಎಸ್ ಬೇರೆ ಆಫ್ ಮಾಡಬೇಕು, ಅದನ್ನು ಮರೆತು ಬೆರಳು ಕಳೆದುಕೊಳ್ಳುವ ಹಂತಕ್ಕೆ ಹೋದವರನ್ನು ನೋಡಿದ್ದೇನೆ. ಎದ್ದ ಕಂಬದ ಕೆಳಗೆ ಕೆಲಸ ಇದ್ದರೆ ಕಬ್ಬಿಣದ ಊರುಗೋಲು ಕೊಟ್ಟು ನಿಲ್ಲಿಸಿ, ಎಣ್ಣೆ ಒತ್ತಡವನ್ನು ನಂಬಬೇಡಿ. ತೆರೆದ ಗುಂಡಿಯ ಸುತ್ತ ಅಡ್ಡ ಇಟ್ಟು, ಒಬ್ಬರನ್ನು ಅಲ್ಲೇ ನಿಲ್ಲಿಸಿ. ನೀವು ಚಹಾ ಕುಡಿಯೋಕೆ ಹೋದಾಗಲೂ ಅವರು ಅಲ್ಲೇ ಇರಬೇಕು.